ಎಡಗಡೆಯ ಬೆಣೆ

ಅಲ್ಲ, ನೀನೇ ಹೇಳು, ನಾನು ರಥ ಬೇಕಂತ ನಿಲ್ಲಿಸಿದ್ನಾ? ಕೀಲು ಸಡಿಲ ಆಗಿತ್ತು. ಚಕ್ರದ ಅಚ್ಚಿನ ಕೀಲು. ಅಷ್ಟೇ ವಿಷಯ. ಸಮಿತಿ ಅಧ್ಯಕ್ಷರಿಗೂ ಅದನ್ನೇ ಹೇಳ್ದೆ, ಭಟ್ರಿಗೂ ಅದನ್ನೇ ಹೇಳ್ದೆ, ಈಗ ನಿನಗೂ ಅದನ್ನೇ ಹೇಳ್ತಿದೀನಿ. ಮೂರು ಜನಕ್ಕೆ ಒಂದೇ ಮಾತು ಹೇಳಿದ್ಮೇಲೆ ಅದು ನಿಜ ಆಗ್ಲೇಬೇಕಲ್ಲ... ಯಾಕೆ ನಗ್ತೀಯ?

ಓಹೋ, ಮರೆತಿದ್ದೆ. ನಿನ್ನ ಮುಖಾನೇ ಹಾಗೆ. ಎರಕ ಹೊಯ್ದೋನು ಒಂದು ನಗು ಇಟ್ಟು ಹೋಗಿದಾನೆ, ನೀನು ಅವತ್ತಿಂದ ನಗ್ತಾನೇ ಇದೀಯ. ಮದುವೆಗೆ ಬಂದೋರಿಗೂ ಅದೇ ನಗು, ಸತ್ತೋರ ಹೆಸರಲ್ಲಿ ಪೂಜೆ ಮಾಡ್ಸೋಕೆ ಬಂದೋರಿಗೂ ಅದೇ ನಗು. ನಮ್ಮನೇಲಿ ಯಾರಾದ್ರೂ ಹೀಗೆ ಕೂತಿದ್ರೆ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದ್ವಿ.

ಸ್ವಲ್ಪ ಸರಿ, ಕಾಲು ಚಾಚ್ಕೋತೀನಿ. ಎಷ್ಟು ಇಕ್ಕಟ್ಟು ದೇವ್ರೇ ಇಲ್ಲಿ!... ಏ, ನಿನ್ನ ಕರೆದಿದ್ದಲ್ಲ, ಮಾತಿಗೆ ಅಂದೆ. ಕೆಳಗಿಂದ ನೋಡಿದ್ರೆ ಅರಮನೆ, ಹತ್ತಿ ಕೂತ್ರೆ ಬಚ್ಚಲುಮನೆಯಷ್ಟೂ ಜಾಗ ಇಲ್ಲ. ನೀನೊಬ್ಬ, ಭಟ್ರೊಬ್ರು, ಮಧ್ಯೆ ಇಷ್ಟೊಂದು ಹೂವು. ಉಸಿರಾಡ್ತೀಯೋ ಇಲ್ವೋ?

ನಾನೇನು ನಿನ್ನ ಪಕ್ಕ ಕೂರೋಕೆ ಅರ್ಜಿ ಹಾಕಿರ್ಲಿಲ್ಲಪ್ಪ. ಭಟ್ರೇ ಹತ್ತಿಸಿದ್ದು. "ಹೊಟ್ಟೆ ಯಾಕೋ ಗುಡುಗುಡು ಅಂತಿದೆ ಕಣೋ, ಈಗ ಬಂದೆ, ಕಾಗೆ ಬರದ ಹಾಗೆ ನೋಡ್ಕೋ" ಅಂತ ಏಣಿ ಇಳಿದು ಓಡಿದ್ರು. ಲೋಕ ಎಲ್ಲಾ ಕಾಯೋನು ನೀನು, ನಿನ್ನ ಕಾಯೋಕೆ ನಾನು, ಅದೂ ಕಾಗೆಯಿಂದ! ಬಾಕಿ ಜನ ಎಲ್ಲಾ ಊಟಕ್ಕೆ ಎದ್ರು. ಹಗ್ಗ ಬೀದೀಲೇ ಬಿದ್ದಿದೆ ನೋಡು, ಅದರ ಮೇಲೆ ಒಂದು ನಾಯಿ ಮಲಗಿದೆ. ರಥಕ್ಕೆ ತಂತಿ ತಗುಲದಿರ್ಲಿ ಅಂತ ಕರೆಂಟು ತೆಗೆಸಿದಾರೆ, ಹಾಗಾಗಿ ಮೈಕೂ ಸತ್ತಿದೆ. ಬೆಳಗ್ಗಿಂದ ಇದೇ ಮೊದಲು, ಈ ಬೀದೀಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸ್ತಿರೋದು.

ನಿಜ ಹೇಳ್ಲಾ? ನಿನ್ನ ಮುಖ ಇಷ್ಟು ಹತ್ರದಿಂದ ನೋಡ್ತಿರೋದು ನಾನು ಇವತ್ತೇ. ಮೀಸೆ ಮೂಡಿದ ಕಾಲದಿಂದ ಈ ರಥದ ಜೊತೆ ನಡೀತಿದೀನಿ. ಆದ್ರೆ ರಥ ಹೊರಟ ಮೇಲೆ ನಿನ್ನ ಕಡೆ ತಲೆ ಎತ್ತಿದ್ದೇ ಇಲ್ಲ. ನನ್ನ ಕಣ್ಣು ಚಕ್ರದ ಮೇಲೆ. ಎತ್ತಿದ್ರೆ ಕಾಲು ಹೋಯ್ತು. ಊರೆಲ್ಲಾ "ಅಗೋ ಬಂದ, ಅಗೋ ಬಂದ" ಅಂತ ಕೈ ಮುಗೀತಿರುತ್ತೆ, ನಾನು ನಿನಗೆ ಬೆನ್ನು ಹಾಕಿ, ಸೊಂಟ ಬಗ್ಗಿಸಿ, ಚಕ್ರದ ಕಬ್ಬಿಣದ ಪಟ್ಟಿ ನೋಡ್ತಿರ್ತೀನಿ. ದೇವರ ದರ್ಶನಕ್ಕೆ ಅಂತ ಬಂದು ಚಕ್ರದ ದರ್ಶನ ಮಾಡ್ಕೊಂಡು ಮನೆಗೆ ಹೋಗೋ ಪುಣ್ಯಾತ್ಮ ನಾನು.

ಇದೇನು, ಕಿವಿ ಹತ್ರ ಒಂದು ಗೀರು... ಓ. ಆ ಗೀರಾ ಇದು. ಬಿಡು, ಅದರ ವಿಷಯ ಆಮೇಲೆ.

ಬೆಳಗ್ಗೆ ಪ್ರವಚನ ಕೇಳಿಸ್ಕೊಂಡೆಯಾ? ನಿನ್ನ ವಿಷಯಾನೇ. "ರಥೋತ್ಸವದ ಆಧ್ಯಾತ್ಮಿಕ ಅರ್ಥ." ಈ ದೇಹಾನೇ ರಥವಂತೆ. ಇಂದ್ರಿಯಗಳು ಕುದುರೆ, ಮನಸ್ಸು ಲಗಾಮು, ಬುದ್ಧಿ ಸಾರಥಿ. ಒಳಗೆ ತೆಪ್ಪಗೆ ಕೂತು ಸವಾರಿ ಮಾಡೋದು ಆತ್ಮ. ಕೇಳೋಕೆ ಚೆನ್ನಾಗೇ ಇತ್ತು, ಇಲ್ಲ ಅನ್ನಲ್ಲ. ಆದ್ರೆ ನನ್ನ ದೇಹ ರಥ ಅಂತಾದ್ರೆ ಅದು ಎಣ್ಣೆ ಕಾಣದ ರಥ, ಎರಡು ಮಂಡೀನೂ ಕಿರ್ ಕಿರ್ ಅನ್ನುತ್ತೆ. ಇನ್ನು ಕುದುರೆ! ಮುಂದೆ ಕಟ್ಟಿದಾರಲ್ಲ ನಾಲ್ಕು ಮರದ ಕುದುರೆ, ಅವನ್ನ ನಾನು, ನಮ್ಮಣ್ಣ ಸೇರಿ ಕೆತ್ತಿದ್ದು. ಎಳೆದು ಎಳೆದು ಸುಸ್ತಾದ ಹಾಗೆ ಮುಖ ಮಾಡ್ಕೊಂಡು ನಿಂತಿವೆ, ಒಂದು ದಿನ ಆದ್ರೂ ಎಳೆದವಾ? ನಮ್ಮ ಸಮಿತಿಯೋರ ಹಾಗೆ.

ನಾನು ಸುಮ್ನಿರಬೇಕಿತ್ತು. ಇರ್ಲಿಲ್ಲ. ಎದ್ದು ಕೇಳೇಬಿಟ್ಟೆ. "ಸ್ವಾಮೀ, ಎಲ್ರಿಗೂ ಅರ್ಥ ಹೇಳಿದ್ರಿ. ಚಕ್ರಕ್ಕೆ ಬೆಣೆ ಕೊಡೋರಿಗೆ ಏನರ್ಥ?" ಅವರು ಕಣ್ಣು ಮುಚ್ಚಿ, "ಬೆಣೆ ಅಂದ್ರೆ ಅಡ್ಡಿ. ಅಡ್ಡಿ ಅಂದ್ರೆ ಅಹಂಕಾರ" ಅಂದ್ರು. ಇಡೀ ಸಭೆ ನನ್ನ ಕಡೆ ತಿರುಗ್ತು! ನನ್ನ ಹೆಂಡತಿ ಹೆಂಗಸರ ಸಾಲಲ್ಲಿ ಕೂತು ತಲೆ ಆಡಿಸ್ತಾ ಇದ್ಳು, ಅಂತೂ ಇಷ್ಟು ವರ್ಷಕ್ಕೆ ಒಬ್ಬರು ಸರಿಯಾಗಿ ಹೇಳಿದ್ರಲ್ಲ ಅನ್ನೋ ಹಾಗೆ.

ನೋಡು, ನೋಡು, ಮತ್ತೆ ನಗ್ತೀಯ!

ಅಡ್ಡೀನೇ. ಹೌದು. ನಾನು ಅಡ್ಡಿ ಮಾಡೋನೇ. ಆದ್ರೆ ಅಡ್ಡಿ ಇಲ್ದೆ ನೀನು ತಿರುಗ್ತೀಯಾ ಹೇಳು? ಜನಕ್ಕೇನು, ಹಗ್ಗ ಹಿಡಿದು ಕಂಡ ಕಡೆ ಎಳೀತಾರೆ. ಅವರ ಕೈಗೇ ಬಿಟ್ಟಿದ್ರೆ ಇಷ್ಟೊತ್ತಿಗೆ ನೀನು ಔಷಧಿ ಅಂಗಡಿ ಒಳಗೆ ಕೂತು ಕೆಮ್ಮಿನ ಸಿರಪ್ ಮಾರ್ತಿದ್ದೆ. ಎಡಕ್ಕೆ ತಿರುಗಬೇಕಾ, ಎಡಗಡೆ ಚಕ್ರದ ಕೆಳಗೆ ಮರದ ಬೆಣೆ ಇಡಬೇಕು. ಆ ಚಕ್ರ ತಡೆಯುತ್ತೆ, ಬಲಗಡೇದು ಓಡುತ್ತೆ, ರಥ ತಿರುಗುತ್ತೆ. ಬಲಕ್ಕೆ ಹೋಗಬೇಕಾದ್ರೆ ಬಲಗಡೆ. ಇಷ್ಟೇ ವಿದ್ಯೆ. ಅಪ್ಪ ಹೇಳ್ಕೊಟ್ಟಿದ್ದು. ಎಡಗಡೆ ಅಣ್ಣ, ಬಲಗಡೆ ನಾನು.

ಮಧ್ಯೆ ನಿನ್ನ ಇಷ್ಟು ದೊಡ್ಡ ರಥ ಇರೋದ್ರಿಂದ ಒಬ್ಬರಿಗೊಬ್ಬರು ಕಾಣಲ್ಲ. ಅದಕ್ಕೇ ಕೂಗು. ಬೆಣೆ ಕೊಡೋನು "ನಂದು" ಅಂತ ಕೂಗಬೇಕು. ಆ ಕಡೆಯೋನು "ನಿಂದು" ಅನ್ನಬೇಕು. ಅವನು ನಿಂದು ಅಂದಮೇಲೇ ಬೆಣೆ ಕೆಳಗೆ ಹೋಗಬೇಕು, ಅಲ್ಲೀವರೆಗೂ ಕೈಯಲ್ಲೇ. ಎರಡು ಮಾತು. ಆ ಎರಡು ಮಾತಲ್ಲೇ ನಿನ್ನನ್ನ ಊರು ಸುತ್ತಿಸಿ, ಒಂದು ಗೋಡೆಗೂ ಸವರದ ಹಾಗೆ ಮನೆ ಸೇರಿಸ್ತಿದ್ವಿ. ಅಣ್ಣನ ದನಿ ಹೇಗಿತ್ತು ಗೊತ್ತಾ... ಗೊತ್ತಿರುತ್ತೆ ಬಿಡು, ನಿನ್ನ ಕಾಲಡಿಯಿಂದಾನೇ ಬರ್ತಿತ್ತಲ್ಲ. ಅಷ್ಟು ಗದ್ದಲದಲ್ಲೂ ನನಗೆ ಬೇರೆ ಏನೂ ಕೇಳಿಸ್ತಿರ್ಲಿಲ್ಲ. ಅವನು ನಿಂದು ಅಂದ್ರೆ ಸಾಕು, ಕಣ್ಣು ಮುಚ್ಕೊಂಡು ಬೆಣೆ ಇಡ್ತಿದ್ದೆ.

ಆಮೇಲೆ ಆ ತಿರುವು. ಅಲ್ಲೇ ಮುಂದೆ ಕಾಣುತ್ತಲ್ಲ, ಔಷಧಿ ಅಂಗಡಿ ಮೂಲೆ, ಅದೇ. ಎರಡು ವರ್ಷದ ಹಿಂದೆ. ಎಡಕ್ಕೆ ತಿರುಗಬೇಕು, ಅಂದ್ರೆ ಅಣ್ಣನ ಬೆಣೆ. ಸರಿ. ಆದ್ರೆ ರಥ ಆಗ್ಲೇ ಎಡಕ್ಕೆ ವಾಲ್ಕೊಂಡು ಮೋರಿ ಕಡೆ ಹೊರಟಿತ್ತು. ಅದನ್ನ ಮೊದಲು ಬಲಕ್ಕೆ ತರಬೇಕಿತ್ತು. ಅಂದ್ರೆ ನನ್ನ ಬೆಣೆ. ನಾನು "ನಂದು" ಅಂದೆ. ಅದೇ ಉಸಿರಲ್ಲಿ ಅವನೂ "ನಂದು" ಅಂದ. ನಿಂದು ಅನ್ನೋದಕ್ಕೆ ಯಾರೂ ಇಲ್ಲ. ನಾನೂ ಕಾಯ್ಲಿಲ್ಲ, ಅವನೂ ಕಾಯ್ಲಿಲ್ಲ. ಎರಡೂ ಬೆಣೆ ಒಟ್ಟಿಗೇ ಕೆಳಗೆ ಹೋದ್ವು.

ಧಡ್ ಅಂತ ನಿಂತಿತು. ಮುಂದೆ ಹಗ್ಗ ಹಿಡಿದೋರು ಒಬ್ಬರ ಮೇಲೊಬ್ಬರು. ಬಾಳೆಗೊನೆ ಬಿದ್ದ ಹಾಗೆ. ನೀನಂತೂ ಪೀಠ ಬಿಟ್ಟು ಹಾರಿ ಸೀದಾ ಭಟ್ರ ಮಡಿಲಿಗೆ! ಕಂಬಕ್ಕೆ ತಗುಲಿ ಈ ಗೀರು ಆಗಿದ್ದು ಆಗಲೇ. ಇನ್ನು ನಮ್ಮ ಚರ್ಮ ಸುಲೀತಾರೆ ಅಂತ ನಾನು ಚಕ್ರದ ಪಕ್ಕದಲ್ಲೇ ನಿಂತಿದೀನಿ... ಪ್ರವಚನದೋರು ಗಂಟಲು ಹರಿಯೋ ಹಾಗೆ "ಭಗವಂತ ಭಕ್ತನನ್ನು ತಾನಾಗಿಯೇ ಅಪ್ಪಿಕೊಂಡ ಘಳಿಗೆ!" ಅನ್ಬೇಕಾ! ಜನ ಅತ್ರು. ಹೆಂಗಸರು ಸೆರಗಲ್ಲಿ ಮುಖ ಮುಚ್ಕೊಂಡು ಅತ್ರು. ಭಟ್ರೂ ಅತ್ರು. ಅವರದ್ದು ಭಕ್ತಿ ಅಲ್ಲ, ಪಕ್ಕೆಲುಬು.

ಊರಿಗೆಲ್ಲಾ ಪವಾಡ. ನಮಗಿಬ್ಬರಿಗೆ ಮಾತ್ರ ಗೊತ್ತು, ಎರಡು ಬೆಣೆ ಅಂತ. ಆವತ್ತೇ ನಕ್ಕುಬಿಟ್ಟಿದ್ರೆ ಆಗ್ತಿತ್ತು. ನಗು ಬಂದಿತ್ತು ಕೂಡ. ಅಂಗಡಿಗೆ ಬಂದು ಕೂತ್ವಿ. ನಮ್ಮದು ಬಡಗಿ ಅಂಗಡಿ, ಅಪ್ಪನ ಕಾಲದ್ದು. ಅಣ್ಣ ನೀರು ಕುಡಿದು ಲೋಟ ಇಟ್ಟು, "ನೀನು ಯಾಕೋ ಕೊಟ್ಟೆ?" ಅಂದ. ನಾನು "ನೀನು ಯಾಕೆ ಕೊಟ್ಟೆ?" ಅಂದೆ. "ತಿರುವು ಎಡಕ್ಕಲ್ವಾ?" "ಮೋರಿ ಕಾಣ್ಲಿಲ್ವಾ?" "ಅಪ್ಪ ಇದ್ದಿದ್ರೆ..." "ಅಪ್ಪನ್ನ ಯಾಕೆ ತರ್ತೀಯ?" ಅಲ್ಲಿಗೆ ಹತ್ಕೊಂಡಿದ್ದು ಆರ್ಲೇ ಇಲ್ಲ. ಅವನು ಅಂದ, "ನಿನಗೆ ಹುಟ್ಟಿದಾಗಿನಿಂದ ಬಾಯಲ್ಲಿ ಒಂದೇ ಮಾತು, ನಂದು ನಂದು ನಂದು." ನಾನು ಸುಮ್ನಿರ್ತೀನಾ? "ಹಾಗಾದ್ರೆ ಅಂಗಡೀಲೂ ನಂದು ಯಾವುದು ಅಂತ ತೋರಿಸಿಬಿಡು" ಅಂದೆ.

ತೋರಿಸಿಬಿಟ್ಟ. ಮಧ್ಯಕ್ಕೆ ಪ್ಲೈವುಡ್ ಗೋಡೆ. ಆದ್ರೆ ಕೇಳು, ಗೋಡೆ ಹಾಕೋಕೂ ಇಬ್ಬರು ಬೇಕಲ್ಲ! ಹಲಗೆ ಒಬ್ಬ ಹಿಡೀಬೇಕು, ಒಬ್ಬ ಮೊಳೆ ಹೊಡೀಬೇಕು. ಅವನು ಹಿಡ್ಕೊಂಡ, ನಾನು ಹೊಡೆದೆ. ಮೊಳೆ ಖಾಲಿ ಆದಾಗ ಮಾತಿಲ್ದೆ ಕೈ ಚಾಚಿದೆ, ಮಾತಿಲ್ದೆ ಕೊಟ್ಟ. ನಾವು ಒಟ್ಟಿಗೆ ಮಾಡಿದ ಕೆಲಸದಲ್ಲೆಲ್ಲಾ ಅಷ್ಟು ನೆಟ್ಟಗೆ ಬಂದಿದ್ದು ಇನ್ನೊಂದಿಲ್ಲ. ತೂಗುಗುಂಡು ಬಿಟ್ಟು ನೋಡಿದೆ, ಕೂದಲೆಳೆಯಷ್ಟು ಸೊಟ್ಟ ಇಲ್ಲ. ದರಿದ್ರದ್ದು.

ಅಲ್ಲಿಂದ ಅವನು ಆ ಕಡೆ ಕೆಮ್ಮಿದ್ರೆ ನನಗೆ ಕೇಳುತ್ತೆ. ಇವತ್ತು ಯಾವ ಮರ ಉಜ್ಜುತಿದಾನೆ ಅಂತ ಸದ್ದಲ್ಲೇ ಗೊತ್ತಾಗುತ್ತೆ. ಒಂದೊಂದು ಸಲ ಅವನು ಭಾರದ ಹಲಗೆ ಒಬ್ಬನೇ ಎತ್ತೋಕೆ ಏದುಸಿರು ಬಿಡೋದೂ ಕೇಳುತ್ತೆ. ಎದ್ದು ನಿಲ್ತೀನಿ. ಮತ್ತೆ ಕೂತ್ಕೋತೀನಿ.

ಈಗ ಎಡಗಡೆ ಚಕ್ರಕ್ಕೆ ಯಾರಿದಾರೆ ಅಂತೀಯಾ? ಅಧ್ಯಕ್ಷರ ಭಾಮೈದ. ಒಳ್ಳೇ ಮನುಷ್ಯ, ಬಾಯಿ ತುಂಬಾ ಎಲೆ ಅಡಿಕೆ. "ಬೆಣೆ ಕೊಡು" ಅಂದ್ರೆ ಓಡಿ ಬಂದು ನನ್ನ ಕೈಗೆ ಕೊಡ್ತಾನೆ! ಹೋದ ವರ್ಷ ಆ ತಿರುವಿನ ಸಹವಾಸಾನೇ ಬೇಡ ಅಂತ ನೇರ ಹೋಗಿ ಸುತ್ತಿ ಬಂದ್ವಿ. ಈ ವರ್ಷ ನೇರದ ರಸ್ತೆ ಪೈಪು ಹಾಕೋಕೆ ಅಗೆದಿದಾರೆ. ಬೇರೆ ದಾರಿ ಇಲ್ಲ. ಊಟ ಮುಗಿಸಿ ಎಲ್ರೂ ಬರ್ತಾರೆ, ಹಗ್ಗ ಎತ್ತುತಾರೆ, ಆ ತಿರುವು ಬರುತ್ತೆ, ನಾನು ಕೂಗಬೇಕು... ಯಾರಿಗೆ ಕೂಗ್ಲಿ? ಆ ಎಲೆ ಅಡಿಕೆಗಾ? ಈ ಸಲ ನೀನು ಹಾರಿದ್ರೆ ಭಟ್ರ ಮಡಿಲೂ ಸಿಗಲ್ಲ, ಅವರು ಹುಷಾರಾಗಿದಾರೆ, ಕಂಬಕ್ಕೆ ಟವೆಲ್ ಕಟ್ಕೊಂಡು ಕೂತಿರ್ತಾರೆ.

ಹೂಂ. ನೋಡ್ತಿದೀಯಲ್ಲ. ಕೇಳ್ತೀಯ ಅಂತ ಗೊತ್ತಿತ್ತು. ಇಷ್ಟು ಉದ್ದದ ಬೀದೀಲಿ ಎಲ್ಲೂ ಸಡಿಲ ಆಗದ ಕೀಲು ಈ ಮನೆ ಮುಂದೇನೇ ಯಾಕೆ ಸಡಿಲ ಆಯ್ತು ಅಂತ.

...ಹೌದಪ್ಪಾ. ಅಣ್ಣನ ಮನೆ. ಈ ನೀಲಿ ಬಾಗಿಲು. ನೀನು ಮುಂದೆ ನೋಡ್ಕೊಂಡು ಕೂತಿದೀಯ, ನಿನಗೆ ಕಾಣಲ್ಲ, ನಾನು ಹೇಳ್ತೀನಿ. ನಿನ್ನ ಬಲಗಿವಿ ನೇರಕ್ಕೆ ಮಹಡಿ ಕಿಟಕಿ ಇದೆ. ಪರದೆ ಎಳೆದಿದೆ. ಕೆಳಗೆ ಜಗಲಿ ಮೇಲೆ ಗಂಟು ಮೂಟೆ, ಹಗ್ಗ ಬಿಗಿದ ಮಂಚ, ಅವನ ಹತ್ಯಾರದ ಪೆಟ್ಟಿಗೆ. ನಾಳೆ ಬೆಳಗ್ಗೆ ಗಾಡಿ ಬರುತ್ತಂತೆ. ಅತ್ತಿಗೆ ನನ್ನ ಹೆಂಡತಿ ಹತ್ರ ಹೇಳಿದಾರೆ. ಅತ್ತಿಗೆ ತವರಿನ ಕಡೆ, ದೂರದ ಊರು, ಅಲ್ಲಿ ಒಂದು ಅಂಗಡಿ ಸಿಕ್ಕಿದೆಯಂತೆ. ಗೋಡೆ ಆ ಕಡೆಯಿಂದ ಒಂದು ವಾರದಿಂದ ಸದ್ದೇ ಇಲ್ಲ. ಮೊನ್ನೆ ತಡೀಲಾರ್ದೆ ಪ್ಲೈವುಡ್ಡಿಗೆ ಕಿವಿ ಕೊಟ್ಟು ನಿಂತಿದ್ದೆ. ಕಳ್ಳನ ಹಾಗೆ. ನನ್ನ ಅಂಗಡೀಲಿ ನಾನೇ.

ಕೀಲು ಗಟ್ಟಿಯಾಗಿದೆ. ಸಾಕಾ? ಅದು ಸಡಿಲ ಆಗೋದಾದ್ರೆ ನಮ್ಮಪ್ಪ ಹಾಕ್ತಾನೇ ಇರ್ಲಿಲ್ಲ. ಬೆಣೆ ಕೊಟ್ಟಿದ್ದು ನಾನು. ಕೂಗ್ಲೂ ಇಲ್ಲ. ಮೆಲ್ಲಗೆ ಇಟ್ಟೆ, ನಿನಗೆ ನೋವಾಗದ ಹಾಗೆ.

ಯಾಕೆ ಅಂದ್ರೆ... ಆ ಪ್ರವಚನದೋರು ಕೊನೇಲಿ ಒಂದು ಮಾತು ಹೇಳಿದ್ರಲ್ಲ. ಆಗ ಎಲ್ರೂ ಚಪ್ಪಲಿ ಹುಡುಕ್ತಿದ್ರು, ನಾನು ಕೇಳಿಸ್ಕೊಂಡೆ. ದೇವರು ಯಾಕೆ ಗುಡಿ ಬಿಟ್ಟು ಬೀದಿಗೆ ಬರ್ತಾನೆ ಅಂದ್ರೆ, ಬರಲಾಗದೋರು ಇರ್ತಾರಂತೆ. ಹಾಸಿಗೆ ಹಿಡಿದೋರು, ಕಾಲಿಲ್ದೋರು, ಒಳಗೆ ಬಾ ಅನ್ನಿಸಿಕೊಳ್ಳದೋರು. ಅವರು ಬರಲಾರರು ಅಂತ ಇವನೇ ಹೋಗ್ತಾನಂತೆ, ಮನೆ ಬಾಗಿಲಿಗೆ. ನನಗೆ ಅನ್ನಿಸ್ತು, ಮುನಿಸಿಕೊಂಡೋನೂ ಹಾಗೇ ತಾನೆ? ಅವನಿಗೆ ಕಾಲಿದ್ದೂ ಕಾಲಿಲ್ಲ. ಸರಿ, ಅಣ್ಣನ ಬಾಗಿಲಿಗೆ ನಿನ್ನ ತಂದು ನಿಲ್ಲಿಸೋಣ. ರಥ ಮನೆ ಮುಂದೆ ನಿಂತ್ರೆ ಯಾವನಾದ್ರೂ ಒಳಗೆ ಕೂತಿರ್ತಾನಾ? ಹೊರಗೆ ಬಂದು ಕೈ ಮುಗೀಲೇಬೇಕು. ಬಂದ ಅಂದ್ರೆ ಚಕ್ರ ನೋಡ್ತಾನೆ. ಚಕ್ರ ನೋಡಿದ್ರೆ ಬೆಣೆ ನೋಡ್ತಾನೆ. ಬೆಣೆ ನೋಡಿದ್ರೆ "ಎಂಥ ದರಿದ್ರ ಕೆಲಸ ಮಾಡಿದೀಯೋ" ಅಂತ ಬೈದೇ ಬೈತಾನೆ. ಬೈದ್ರೆ ಸಾಕು. ಬೈದ್ರೆ ಸಾಕು ನನಗೆ.

ಅತ್ತಿಗೆ ಬಂದ್ರು. ನಿನಗೆ ಕೈ ಮುಗಿದ್ರು, ನನ್ನ ಮುಖ ನೋಡಿ, ಕಣ್ಣಲ್ಲೇ ಮಹಡಿ ಕಡೆ ತೋರಿಸಿ ಒಳಗೆ ಹೋದ್ರು. ಅವನು ಬರ್ಲಿಲ್ಲ.

ಇಗೋ! ಪರದೆ ಅಲುಗಾಡ್ತು. ನೋಡಿದೆಯಾ? ನೀನೆಲ್ಲಿ ನೋಡ್ತೀಯ! ಅಲ್ಲೇ ಇದಾನೆ, ಪರದೆ ಹಿಂದೆ. ಬೆರಳು ಕಾಣ್ತಿದೆ. ಏನಾದ್ರೂ ಮಾಡು! ಇಷ್ಟು ಹತ್ರ ತಂದು ಕೂರಿಸಿದೀನಿ, ಇನ್ನು ಮುಂದಿಂದು ನಿನ್ನ ಕೆಲಸ. ಭಟ್ರ ಮಡಿಲಿಗೆ ಹಾರೋಕೆ ಬರುತ್ತೆ, ಒಂದು ಪರದೆ ಸರಿಸೋಕೆ ಬರಲ್ವಾ? ಅವನ ಮನಸ್ಸಿಗೆ ಹೇಳು. ನಿನ್ನ ತಮ್ಮ ಬಂದಿದಾನೆ ಅಂತ... ನಿಂತಿದಾನೆ ಅಂತ ಹೇಳು...

ಏನದು, ಹೂವು ಬಿತ್ತಾ? ಬಲಗಡೆ ಬಿತ್ತು ಅಂತ ನಾನು ಕುಣೀಬೇಕಾ? ಗಾಳಿಗೆ ಬಿದ್ದಿದ್ದು ಅದು. ಹೂ ಕೊಟ್ಟು ಜಾರ್ಕೋಬೇಡ. ಬಾಯಿ ಬಿಟ್ಟು ಹೇಳು.

ಹೇಳು ಅಂದೆ.

...ಯಾಕೆ ನನ್ನನ್ನೇ ನೋಡ್ತೀಯ? ಕಿಟಕಿ ಆ ಕಡೆ. ಬರಲಾಗದೋನು ಆ ಕಡೆ ಇರೋದು. ನಾನು ಬಂದಿದೀನಲ್ಲ, ಬಂದು ನಿನ್ನ ಎದುರಿಗೇ ಕೂತಿದೀನಲ್ಲ. ನನ್ನ ಯಾಕೆ...

ಓ.

ಹಾಗಂತೀಯಾ.

ಇಲ್ಲ, ನೀನೇನೂ ಅಂದಿಲ್ಲ. ಗೊತ್ತು. ನೀನು ಯಾವತ್ತು ಏನು ಅಂದಿದೀಯ.

ಎರಡು ವರ್ಷ, ಅಂಗಡಿಗೆ ಹೋಗೋಕೆ ನಾನು ಈ ಬೀದಿ ತುಳಿದಿಲ್ಲ. ಹಿಂದಿನ ಬೀದಿ ಸುತ್ತಿ ಹೋಗ್ತೀನಿ. ಹೆಂಡತಿ ಕೇಳಿದ್ರೆ ಇಲ್ಲಿ ನಾಯಿ ಕಾಟ ಅಂದೆ. ಅಗೋ ಹಗ್ಗದ ಮೇಲೆ ಮಲಗಿದೆ ನೋಡು, ಆ ಬಡಪಾಯಿ ನಾಯಿ. ಒಂದು ದಿನ ಆ ಬಾಗಿಲು ತಟ್ಟಿಲ್ಲ. ತಟ್ಟೋಕೆ ಏನು, ಕೈ ಎತ್ತಿದ್ರೆ ಆಯ್ತು. ಅದು ಆಗ್ಲಿಲ್ಲ ನನ್ನ ಕೈಲಿ. ಅಣ್ಣನ ಬಾಗಿಲು ತಟ್ಟೋಕೆ ಆಗ್ದೆ, ಊರ ಜನಾನೆಲ್ಲಾ ಹಗ್ಗ ಹಿಡಿಸಿ, ದೇವರನ್ನ ಬಿಸಿಲಲ್ಲಿ ಇಲ್ಲೀವರೆಗೂ ಎಳೆಸ್ಕೊಂಡು ಬಂದೆ. ನಿನ್ನ ಹಿಂದೆ ಬಚ್ಚಿಟ್ಕೊಂಡು ಇಣುಕಿ ನೋಡೋಣ ಅಂತ. ಕಾಲಿಲ್ದೋನು ಆ ಮಹಡಿ ಮೇಲಿರೋನಲ್ಲ.

ಅಹಂಕಾರ ಅಂದ್ರಲ್ಲ ಅವರು, ಸರಿಯಾಗೇ ಅಂದ್ರು. ನನ್ನ ಹೆಂಡತಿಗೆ ಹೇಳ್ಬೇಡ, ಇದನ್ನ ಮಾತ್ರ.

ನಗು. ಈಗ ನಗು, ಪರವಾಗಿಲ್ಲ.

ಇಳೀತೀನಿ. ಕಾಗೆ ಬಂದ್ರೆ ನೀನೇ ನೋಡ್ಕೋ. ಹೆದರ್ಬೇಡ, ಬೆಣೆ ಗಟ್ಟಿಯಾಗಿದೆ, ಎಲ್ಲೂ ಹೋಗಲ್ಲ ನೀನು... ಅಯ್ಯೋ ಮಂಡಿ. ಈ ಏಣಿ ಹತ್ತುವಾಗ ಇಷ್ಟು ಉದ್ದ ಇರ್ಲಿಲ್ಲ. ಎಡಗಡೇದು ಎಲ್ಲಿಟ್ಟ ಆ ಭಾಮೈದ? ಹಾಂ, ಇಲ್ಲಿದೆ. ಅಣ್ಣನ ಬೆಣೆ ಇದು. ಇದರ ಹಿಡಿ ನೋಡು, ಅವನ ಬೆರಳು ಕೂತ ಜಾಗ ಹೇಗೆ ನುಣುಪಾಗಿದೆ. ನನ್ನ ಕೈಗೆ ಸರಿಯಾಗೇ ಕೂರಲ್ಲ.

ನೀನು ಮುಂದೆ ನೋಡು. ಈ ಕಡೆ ನೋಡ್ಬೇಡ, ನನಗೆ ಸಂಕೋಚ ಆಗುತ್ತೆ.

...ಅತ್ತಿಗೇ?

...ಅಣ್ಣಾ, ನಾನು.

...ಮೇಲಿಂದ ಇಳಿದು ಬಂದೆ ಅಂತ ಗೊತ್ತು, ಮೆಟ್ಟಿಲ ಸದ್ದು ಕೇಳ್ತು. ಬಾಗಿಲ ಹಿಂದೆ ನಿಂತಿದೀಯ. ತೆಗೀಬೇಡ, ಬೇಡ ಅನ್ನಿಸಿದ್ರೆ ತೆಗೀಬೇಡ. ಊಟ ಮುಗಿಸಿ ಜನ ಬರ್ತಿದಾರೆ ಅಣ್ಣಾ. ಮುಂದೆ ಆ ತಿರುವಿದೆ, ಎಡಕ್ಕೆ. ನಾಳೆ ಹೋಗು, ನಾನು ತಡೆಯಲ್ಲ, ಗಂಟು ನಾನೇ ಎತ್ತಿ ಗಾಡಿಗೆ ಇಡ್ತೀನಿ. ಇವತ್ತು ಮಾತ್ರ...

...ಅಳ್ತಿಲ್ಲ ಕಣಣ್ಣಾ. ಬಿಸಿಲು.

...ಚಿಲಕ ಬಿಗಿ ಆಗಿದೆ, ಮೇಲಕ್ಕೆ ಎತ್ತಿ ತೆಗಿ. ಮೊದಲಿಂದ್ಲೂ ಹಾಗೇ ಅದು, ನಾವಿಬ್ಬರೇ ಹಾಕಿದ್ದಲ್ವಾ.

...ಅಣ್ಣಾ. ತಗೋ.

ನಿಂದು.